ಮೊದಲ ಸೆಕೆಂಡ್ ಹ್ಯಾಂಡ್ ಎಟಿವಿ: ಕಾಡುದಾರಿಗೂ ಟ್ರೇಲರ್ ಎಳೆತಕ್ಕೂ ಒಂದೇ ಗಾಡಿ ಆರಿಸಿದ ಪ್ರಕರಣ

ಈ ಪ್ರಕರಣದ ಖರೀದಿದಾರ ನನ್ನ ಹತ್ತಿರದ ಗೆಳೆಯ. ಬೈಕ್ ಓಡಿಸುವುದರಲ್ಲಿ ಪಳಗಿದವನಾದರೂ ಎಟಿವಿಯ, ಅಂದರೆ ಬೈಕಿನಂತೆ ಕೂತು ಹ್ಯಾಂಡಲ್ ಹಿಡಿದು ಕಚ್ಚಾದಾರಿಯಲ್ಲಿ ಓಡಿಸುವ ದಪ್ಪ ಟೈರುಗಳ ನಾಲ್ಕು ಚಕ್ರದ ಗಾಡಿಯ, ಮೇಲೆ ಅದುವರೆಗೆ ಕೂತವನಲ್ಲ. ಅವನಿಗೆ ಗಾಡಿ ಬೇಕಾಗಿದ್ದದ್ದು ಎರಡು ಕೆಲಸಕ್ಕೆ. ಒಂದು, ಬಿಡುವಿನ ದಿನಗಳಲ್ಲಿ ಕಾಡಂಚಿನ ಕಲ್ಲುಮಣ್ಣಿನ ದಾರಿಗಳಲ್ಲಿ ಒಬ್ಬನೇ ಸುತ್ತಾಡುವುದು. ಇನ್ನೊಂದು, ಜಮೀನಿನ ಮೇಲ್ಭಾಗದಲ್ಲಿ ಕಡಿದು ಒಟ್ಟಿರುವ ಸೌದೆಯನ್ನು ಎರಡು ಚಕ್ರದ ಸಣ್ಣ ಟ್ರೇಲರಿನಲ್ಲಿ ತುಂಬಿ ಕೆಳಗಿನ ಮನೆಯವರೆಗೆ ತರುವುದು. ಹೊಸ ಗಾಡಿ ಕೈಗೆಟುಕುವಂತಿರಲಿಲ್ಲ. ಬಳಸಿದ ನಾಲ್ಕು ಚಕ್ರ ಚಾಲನೆಯ ಗಾಡಿಗಳಲ್ಲಿ ಮೂರನ್ನು ಅವನೇ ಹುಡುಕಿಟ್ಟುಕೊಂಡು, ನೋಡಿ ಹೇಳಬೇಕೆಂದು ನನ್ನನ್ನು ಕರೆದ. ಇಂತಹ ಗಾಡಿಗಳನ್ನು ಬಹುಕಾಲ ಓಡಿಸಿ, ಬಿಚ್ಚಿ, ಜೋಡಿಸಿದ ಅನುಭವ ನನಗಿದ್ದುದರಿಂದ ಒಪ್ಪಿಕೊಂಡೆ.

ಅವನ ಮೊದಲ ಪ್ರಶ್ನೆ, ಈ ಸ್ಥಿತಿಯಲ್ಲಿರುವ ಎಲ್ಲರೂ ಕೇಳುವ ಪ್ರಶ್ನೆಯೇ: ಎಷ್ಟು ಸಿಸಿ ಇದ್ದರೆ ಇಷ್ಟು ಭಾರ ಎಳೆಯುತ್ತದೆ? ಆದರೆ ಅವನ ಸೌದೆ ಇರುವುದು ಮೇಲೆ, ಮನೆ ಇರುವುದು ಕೆಳಗೆ. ಏರುವಾಗ ಟ್ರೇಲರ್ ಖಾಲಿ, ಇಳಿಯುವಾಗ ಭರ್ತಿ. ಹೀಗಿರುವಾಗ ಎಳೆಯುವ ಶಕ್ತಿಗಿಂತ ತಡೆದು ಹಿಡಿಯುವ ಶಕ್ತಿಯೇ ಮುಖ್ಯವಾಗುತ್ತದೆ. ಕಾಡುದಾರಿಯ ಸವಾರಿಯಲ್ಲೂ ಹೊಸಬರು ಅಪಾಯಕ್ಕೆ ಸಿಕ್ಕುವುದು ಏರಿನಲ್ಲಿ ಶಕ್ತಿ ಸಾಲದೆ ಹೋದಾಗ ಮಾತ್ರವಲ್ಲ, ಇಳಿಜಾರಿನಲ್ಲಿ ಗಾಡಿ ಹಿಡಿತ ತಪ್ಪಿ ಓಡಿದಾಗಲೂ ಹೌದು. ಆದ್ದರಿಂದ ಮೂರು ಗಾಡಿಗಳನ್ನೂ ಈ ಒಂದು ದೃಷ್ಟಿಯಿಂದ ತೂಗಿ ನೋಡುವುದೆಂದು ಮೊದಲೇ ನಿಶ್ಚಯಿಸಿಕೊಂಡೆವು.

ಅಗತ್ಯವನ್ನು ಅಳೆದದ್ದು

ಗಾಡಿ ನೋಡಲು ಹೊರಡುವ ಮುನ್ನ ದಾರಿಯನ್ನೇ ನೋಡಿದೆವು. ಫೋನಿನ ಮಟ್ಟ ಅಳೆಯುವ ಸೌಲಭ್ಯದಿಂದ ಅಳೆದಾಗ ಅತಿ ಕಡಿದಾದ ಜಾಗ ಸುಮಾರು 12 ಡಿಗ್ರಿ ಇಳಿಜಾರಾಗಿತ್ತು. ಅದರ ಕೊನೆಯಲ್ಲೇ ಒಂದು ತಿರುವು. ಟ್ರೇಲರಿನ ತೂಕ 80 ಕಿಲೋ, ಒಂದು ಸಲಕ್ಕೆ ತುಂಬಬೇಕೆಂದಿದ್ದ ಸೌದೆ 200 ಕಿಲೋ, ಒಟ್ಟು 280 ಕಿಲೋ. ಈ ಭಾರ 12 ಡಿಗ್ರಿ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ಸುಮಾರು 58 ಕಿಲೋ ಭಾರದಷ್ಟು ಬಲದಿಂದ ಸದಾ ನೂಕುತ್ತಿರುತ್ತದೆ. ಗಾಡಿಯೂ ಸವಾರನೂ ಸೇರಿ 340 ಕಿಲೋ ಎಂದಿಟ್ಟುಕೊಂಡರೆ ಅವರ ಸ್ವಂತ ಭಾರದ ಜಗ್ಗಾಟವೇ 71 ಕಿಲೋದಷ್ಟಾಗುತ್ತದೆ. ಅಂದರೆ ಟ್ರೇಲರ್ ಕಟ್ಟಿದೊಡನೆ ತಡೆಯಬೇಕಾದ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ತಡೆಯುವ ಚಕ್ರಗಳು ಮಾತ್ರ ಅವೇ ನಾಲ್ಕು, ಏಕೆಂದರೆ ಇಂತಹ ಸಣ್ಣ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇರುವುದಿಲ್ಲ.

ಕಂಪನಿಗಳು ಹೇಳುವ ಎಳೆತದ ಮಿತಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಹೋಂಡಾ ರ‍್ಯಾಂಚರ್ 420 ಗಾಡಿಗೆ ಹೇಳಿರುವ ಮಿತಿ 385 ಕಿಲೋ, ಯಮಾಹಾ ಗ್ರಿಜ್ಲಿ 700ಕ್ಕೆ 600 ಕಿಲೋ. 280 ಕಿಲೋ ಎರಡರ ಮಿತಿಯೊಳಗೂ ಬರುತ್ತದೆ. ಆದರೆ ಈ ಅಂಕೆಗಳನ್ನು ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ಸಾಗುವ ಗಾಡಿಗೆಂದು ಓದಿಕೊಳ್ಳಬೇಕೇ ಹೊರತು ಇಳಿಜಾರಿಗೆ ಹಾಗೆಯೇ ಅನ್ವಯಿಸಬಾರದು. ಜನ ಗಮನಿಸದೆ ಬಿಡುವ ಇನ್ನೊಂದು ಮಿತಿಯಿದೆ. ಟ್ರೇಲರಿನ ಮೂತಿ ಗಾಡಿಯ ಕೊಕ್ಕೆಯ ಮೇಲೆ ಎಷ್ಟು ಭಾರ ಊರಬಹುದು ಎಂಬುದೇ ಅದು. ನಾವು ಕೊನೆಗೆ ಕೊಂಡ ಗಾಡಿಯ ಫಲಕದಲ್ಲಿ ಅದು 14 ಕಿಲೋ ಎಂದಿತ್ತು. ಸೌದೆಯನ್ನು ಟ್ರೇಲರಿನ ಮುಂಭಾಗಕ್ಕೆ ಒಟ್ಟಿದರೆ ಈ ಮಿತಿ ಕಣ್ಣಿಗೆ ಕಾಣದಂತೆ ದಾಟಿಹೋಗುತ್ತದೆ. ತೀರ ಹಿಂದಕ್ಕೆ ಒಟ್ಟಿದರೆ ಮೂತಿ ಮೇಲೆದ್ದು ಗಾಡಿಯ ಹಿಂಚಕ್ರಗಳನ್ನು ನೆಲದಿಂದ ಹಗುರಾಗಿಸುತ್ತದೆ. ಎರಡೂ ಕೆಟ್ಟದ್ದೇ, ಇಳಿಜಾರಿನಲ್ಲಂತೂ ಎರಡನೆಯದು ಹೆಚ್ಚು ಕೆಟ್ಟದ್ದು.

ದುಡ್ಡಿನ ವಿಷಯದಲ್ಲಿ ನಾನು ಒಂದೇ ಮಾತಿಗೆ ಪಟ್ಟು ಹಿಡಿದೆ: ಕೈಯಲ್ಲಿರುವುದರ ಕಾಲು ಭಾಗವನ್ನು ಗಾಡಿಯ ಬೆಲೆಗೆ ಸೇರಿಸಕೂಡದು. ಹೆಲ್ಮೆಟ್, ಕೈಗವಸು, ಗಟ್ಟಿ ಬೂಟುಗಳಿಗೆ ಅದರಲ್ಲಿ ಸ್ವಲ್ಪ ಹೋಗುತ್ತದೆ, ಉಳಿದದ್ದೆಲ್ಲ ಮೊದಲ ರಿಪೇರಿಗೆ. ಬಳಸಿದ ಎಟಿವಿ ಎಷ್ಟೇ ಚೆನ್ನಾಗಿದ್ದರೂ ಎಣ್ಣೆಗಳು, ಬ್ರೇಕ್, ಬ್ಯಾಟರಿ, ರಬ್ಬರ್ ಭಾಗಗಳ ಖರ್ಚು ಬಂದೇ ಬರುತ್ತದೆ.

ಗೇರ್, ಬೆಲ್ಟ್, ಇಳಿಜಾರು

ನಾಲ್ಕು ಚಕ್ರ ಚಾಲನೆಯ ಎಟಿವಿ 1986ರಲ್ಲಿ ಹೋಂಡಾದ ಟಿಆರ್‌ಎಕ್ಸ್ 350ರೊಂದಿಗೆ ಮಾರುಕಟ್ಟೆಗೆ ಬಂದಿತು. ಹಿಂಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್‌ ಅನ್ನು ಬೆಲ್ಟ್ ಗಾಡಿಗಳಲ್ಲಿ, ಅಂದರೆ ಗೇರುಗಳ ಬದಲು ಎರಡು ಪುಲ್ಲಿಗಳ ನಡುವಿನ ರಬ್ಬರ್ ಬೆಲ್ಟಿನಿಂದ ಶಕ್ತಿ ಸಾಗಿಸುವ ಗಾಡಿಗಳಲ್ಲಿ, ಜನಪ್ರಿಯಗೊಳಿಸಿದ್ದು 1996ರ ಪೋಲಾರಿಸ್ ಸ್ಪೋರ್ಟ್ಸ್‌ಮನ್ 500. ಪವರ್ ಸ್ಟಿಯರಿಂಗ್ ಬಂದದ್ದು 2007ರ ಗ್ರಿಜ್ಲಿ 700ರಲ್ಲಿ. ಹೀಗಾಗಿ ಬಳಸಿದ ಗಾಡಿಗಳ ಸಾಲಿನಲ್ಲಿ ಮೂರು ಬಗೆಯ ಯೋಚನೆಗಳು ಅಕ್ಕಪಕ್ಕದಲ್ಲಿ ನಿಂತಿರುತ್ತವೆ, ಹೊರನೋಟಕ್ಕೆ ಎಲ್ಲವೂ ಒಂದೇ ಥರ ಕಾಣುತ್ತವೆ. ಗೇರಿನ ಗಾಡಿಗೂ ಬೆಲ್ಟ್ ಗಾಡಿಗೂ ಇರುವ ವ್ಯತ್ಯಾಸ ಗೊತ್ತಾಗುವುದು ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ.

ಗೇರಿನ ಗಾಡಿಯಲ್ಲಿ ಎಂಜಿನಿಗೂ ಚಕ್ರಕ್ಕೂ ನಡುವೆ ಹಲ್ಲುಗಳ ನೇರ ಸಂಬಂಧವಿರುತ್ತದೆ. ಕಾಲಿನಿಂದ ಗೇರ್ ಬದಲಿಸುವ, ಕ್ಲಚ್ ಹಿಡಿ ಇಲ್ಲದ ಮಾದರಿಗಳಲ್ಲೂ ಇಳಿಜಾರಿನಲ್ಲಿ ಚಕ್ರ ಎಂಜಿನನ್ನು ತಿರುಗಿಸುವಂತೆ ಒಳಗೆ ಏರ್ಪಾಡಿರುತ್ತದೆ. ಮೊದಲ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ತಾನೇ ಗಾಡಿಯನ್ನು ಹಿಡಿದು ನಡೆಸುತ್ತದೆ, ಎಂಜಿನ್ ಬ್ರೇಕ್ ಎನ್ನುವುದು ಇದನ್ನೇ. ಬೆಲ್ಟ್ ಗಾಡಿಯ ರೀತಿ ಬೇರೆ. ಎಂಜಿನ್ ಕಡೆಯ ಪುಲ್ಲಿ ಎಂಜಿನ್ ವೇಗ ಏರಿದಂತೆ ಬೆಲ್ಟನ್ನು ಬಿಗಿಯಾಗಿ ಹಿಡಿಯುತ್ತದೆ, ವೇಗ ತಗ್ಗಿದಂತೆ ಸಡಿಲಬಿಡುತ್ತದೆ. ಇದಕ್ಕೆ ಪ್ರತ್ಯೇಕ ಪರಿಹಾರ ಮಾಡಿರದ ಗಾಡಿಯಲ್ಲಿ, ನಿಧಾನವಾಗಿ ಇಳಿಯುತ್ತ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಒಂದು ಹಂತದಲ್ಲಿ ಬೆಲ್ಟ್ ಹಿಡಿತ ತಪ್ಪಿ ಗಾಡಿ ನ್ಯೂಟ್ರಲ್‌ನಲ್ಲಿರುವಂತೆ ಜಾರಿ ಓಡಲು ಶುರುವಾಗುತ್ತದೆ. ಹೊಸ ಸವಾರನಿಗೆ ಇದು ಎದೆ ಝಲ್ಲೆನ್ನುವ ಕ್ಷಣ. ಎಲ್ಲ ಬೆಲ್ಟ್ ಗಾಡಿಗಳೂ ಹೀಗಲ್ಲ ಎಂಬುದನ್ನೂ ಹೇಳಲೇಬೇಕು. ಯಮಾಹಾದ ಅಲ್ಟ್ರಾಮ್ಯಾಟಿಕ್ ವ್ಯವಸ್ಥೆಯಲ್ಲಿ ಬೆಲ್ಟ್ ಯಾವಾಗಲೂ ಬಿಗಿಯಲ್ಲೇ ಇರುತ್ತದೆ, ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗಿನ ಮೂಲಕ ಎಂಜಿನ್ ಬ್ರೇಕ್ ಚಕ್ರಗಳಿಗೆ ತಲುಪುತ್ತದೆ. ಬೇರೆ ಕಂಪನಿಗಳೂ ಹಲವು ಮಾದರಿಗಳಲ್ಲಿ ತಮ್ಮದೇ ರೀತಿಯ ಏರ್ಪಾಡು ಮಾಡಿವೆ. ಆದ್ದರಿಂದ ಬೆಲ್ಟ್ ಬೇಡ, ಗೇರ್ ಬೇಕು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸರಿಯಲ್ಲ. ಆ ನಿರ್ದಿಷ್ಟ ಗಾಡಿಯನ್ನು ಇಳಿಜಾರಿನಲ್ಲಿ ಇಳಿಸಿ ನೋಡಬೇಕು.

ಮುಂಚಕ್ರಗಳ ವಿಷಯವೂ ಇದಕ್ಕೆ ಸೇರಿದ್ದೇ. ಕೆಲವು ಗಾಡಿಗಳಲ್ಲಿ ಲಿವರ್ ಎಳೆದರೆ ಅಥವಾ ಗುಂಡಿ ಒತ್ತಿದರೆ ಮುಂದಿನ ಆಕ್ಸೆಲ್ (ಚಕ್ರಗಳನ್ನು ತಿರುಗಿಸುವ ದಂಡ) ಗಟ್ಟಿಯಾಗಿ ಸೇರಿಕೊಳ್ಳುತ್ತದೆ. ಇನ್ನು ಕೆಲವುಗಳಲ್ಲಿ ಹಿಂಚಕ್ರ ಜಾರಿದಾಗ ಮಾತ್ರ ಮುಂಚಕ್ರಕ್ಕೆ ಶಕ್ತಿ ಹೋಗುತ್ತದೆ. ಎರಡನೆಯ ಬಗೆ ಏರಿನಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಸ್ಟಿಯರಿಂಗ್ ಕೂಡ ಹಗುರ. ಆದರೆ ವಿಶೇಷ ಏರ್ಪಾಡಿಲ್ಲದಿದ್ದರೆ ಇಳಿಯುವಾಗ ಎಂಜಿನ್ ಬ್ರೇಕ್ ಹಿಂಚಕ್ರಗಳಿಗೆ ಮಾತ್ರ ಸಿಗುತ್ತದೆ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ವಾಲಿರುವುದರಿಂದ ನೆಲದ ಹಿಡಿತ ಹೆಚ್ಚಿರುವುದು ಮುಂಚಕ್ರಗಳಿಗೆ. ಹಗುರಾದ ಹಿಂಚಕ್ರಗಳ ಮೇಲೇ ತಡೆಯ ಹೊರೆ ಬಿದ್ದು ಅವು ಜಾರಿದರೆ, ಟ್ರೇಲರ್ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ನೂಕಿ ಮಡಚಿಕೊಳ್ಳುತ್ತದೆ. ಗೆಳೆಯನ ದಾರಿಯಲ್ಲಿ ಇಳಿಜಾರಿನ ತುದಿಗೇ ತಿರುವಿರುವುದರಿಂದ ಈ ಭಯ ಕಲ್ಪನೆಯದಾಗಿರಲಿಲ್ಲ.

ಮೂರು ಗಾಡಿಗಳು

ಮೊದಲನೆಯದು 700 ಸಿಸಿ ವರ್ಗದ ಬೆಲ್ಟ್ ಗಾಡಿ. ಪವರ್ ಸ್ಟಿಯರಿಂಗ್, ಮುಂದೆ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ), ಎತ್ತರಿಸಿದ ಸಸ್ಪೆನ್ಷನ್, ಆಳವಾದ ಗೀರುಗಳ ದೊಡ್ಡ ಕೆಸರು ಟೈರು, ಎಂಜಿನಿಗೆ ನೀರು ಹೋಗದಂತೆ ಹ್ಯಾಂಡಲಿನವರೆಗೆ ಏರಿಸಿದ ಗಾಳಿಕೊಳವೆ, ಹೊಳೆಯುವ ಪ್ಲಾಸ್ಟಿಕ್. ಗೆಳೆಯನ ಕಣ್ಣು ಅದರ ಮೇಲೇ ನೆಟ್ಟಿತ್ತು. ಮೀಟರಿನಲ್ಲಿ 3,600 ಕಿಲೋಮೀಟರ್. ಎಂಜಿನ್ ಎಷ್ಟು ಹೊತ್ತು ಓಡಿದೆ ಎಂದು ತೋರಿಸುವ ಅವರ್ ಮೀಟರಿನಲ್ಲಿ 90 ಗಂಟೆ. ಕಡಿಮೆ ಓಡಿದೆ ಎಂದು ಮಾರುವವರು ಹೇಳಿದರು. ಆದರೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ಆಗುತ್ತದೆ. ನಿಂತು ಉರಿದ ಹೊತ್ತು, ಗೇಟು ತೆಗೆಯಲು ಇಳಿದ ಹೊತ್ತು ಎಲ್ಲವೂ ಸೇರಿ ಈ ಸರಾಸರಿ ಬಂದಿದೆ ಎಂದರೆ, ಓಡಿದಾಗಲೆಲ್ಲ ಅದು ಹೆದ್ದಾರಿಯ ಮೇಲೋ ಇಲ್ಲವೇ ಕಾಡುದಾರಿಯಲ್ಲಿ ಮೈಮುರಿಯುವಂತೆಯೋ ಓಡಿದೆ. ಸೆಕೆಂಡ್ ಹ್ಯಾಂಡ್ ಎಟಿವಿ ನೋಡಲು ಹೋಗುವ ಪ್ರತಿಯೊಬ್ಬರೂ ಈ ಭಾಗಾಕಾರವನ್ನು ಮಾಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಮೀಟರಿನ ಒಂದೊಂದು ಅಂಕೆಯೂ ಬೇರೆಬೇರೆಯಾಗಿ ಮೋಸಗೊಳಿಸಬಹುದು, ಎರಡನ್ನೂ ಜೊತೆಗಿಟ್ಟರೆ ಗಾಡಿಯ ಬದುಕು ತಕ್ಕಮಟ್ಟಿಗೆ ಕಾಣುತ್ತದೆ.

ಮುಂದಿನ ಡಿಫರೆನ್ಷಿಯಲ್ಲಿನ, ಅಂದರೆ ಚಕ್ರಗಳಿಗೆ ಶಕ್ತಿ ಹಂಚುವ ಹಲ್ಲುಪೆಟ್ಟಿಗೆಯ, ಬೋಲ್ಟ್ ಸ್ವಲ್ಪ ಸಡಿಲಿಸಿದಾಗ ಎಣ್ಣೆಯ ಬದಲು ಬೂದುಬಿಳುಪಿನ ನೊರೆ ಹೊರಬಂತು. ನೀರು ಒಳಹೊಕ್ಕಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎತ್ತರಿಸಿದ ಗಾಳಿಕೊಳವೆ ಇರುವ ಗಾಡಿಯನ್ನು ಆಳದ ನೀರಿಗೆ ಇಳಿಸಿರುತ್ತಾರೆ, ಕೊಳವೆ ಎಂಜಿನನ್ನು ಕಾಯುತ್ತದೆಯೇ ಹೊರತು ಬೇರಿಂಗುಗಳನ್ನಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು. ಇಷ್ಟಾದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು: ಅದೇ ವರ್ಗದ, ಕಂಪನಿಯಿಂದ ಬಂದಂತೆಯೇ ಇರುವ, ಒಣದಾರಿಯಲ್ಲಿ ಬಾಳಿದ ಗಾಡಿ ಸಿಕ್ಕಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಭಾರವಾದ ಗಾಡಿಯನ್ನು ಟ್ರೇಲರ್ ಅಷ್ಟು ಸುಲಭವಾಗಿ ನೂಕಲಾರದು.

ಎರಡನೆಯದು 500 ಸಿಸಿ ವರ್ಗದ ಬೆಲ್ಟ್ ಗಾಡಿ, ಹಿಂಚಕ್ರ ಜಾರಿದಾಗ ಮುಂಚಕ್ರ ಸೇರಿಕೊಳ್ಳುವ ಬಗೆಯದು. 2,700 ಕಿಲೋಮೀಟರ್, 300 ಗಂಟೆ. ಸರಾಸರಿ 9 ಕಿಲೋಮೀಟರ್. ನಿಧಾನದ, ಭಾರದ ಕೆಲಸಕ್ಕೆ ಬಳಸಿದ್ದೆಂದು ಮಾಲೀಕರು ಮುಚ್ಚುಮರೆಯಿಲ್ಲದೆ ಹೇಳಿದರು. ಇಂತಹ ಗಾಡಿಯಲ್ಲಿ ಓಟಕ್ಕೆ ಹೈ, ಭಾರಕ್ಕೆ ಲೋ ಎಂದು ಎರಡು ರೇಂಜ್ ಇರುತ್ತವೆ. ಟ್ರೇಲರನ್ನು ಯಾವ ರೇಂಜಿನಲ್ಲಿ ಎಳೆಯುತ್ತಿದ್ದಿರಿ ಎಂದು ಕೇಳಿದೆ. ಹೈ ರೇಂಜಿನಲ್ಲೇ, ಲೋ ಬಳಸುವ ಅಗತ್ಯ ಬೀಳಲಿಲ್ಲ ಎಂದರು. ಈ ಉತ್ತರ ನನಗೆ ಗಾಡಿಯ ಬಹುಪಾಲು ಕಥೆಯನ್ನು ತಿಳಿಸಿತು. ಬೆಲ್ಟ್ ಗಾಡಿಯಲ್ಲಿ ಭಾರ ಎಳೆಯುವಾಗ ಲೋ ರೇಂಜ್ ಬಳಸುವುದು ಎಂಜಿನಿಗೆ ಶಕ್ತಿ ಸಾಲದೆಂದಲ್ಲ, ಬೆಲ್ಟ್ ಪುಲ್ಲಿಯ ಮೇಲೆ ಜಾರಿ ಕಾಯದಿರಲೆಂದು. ಅವರ ಅನುಮತಿ ಪಡೆದು ಬೆಲ್ಟಿನ ಮುಚ್ಚಳ ತೆಗೆದಾಗ ಒಳಗೆಲ್ಲ ಕಪ್ಪು ಪುಡಿ ಮೆತ್ತಿತ್ತು, ಬೆಲ್ಟಿನ ಪಕ್ಕಗಳು ಗಾಜಿನಂತೆ ನುಣುಪಾಗಿದ್ದವು, ಸುಟ್ಟ ರಬ್ಬರಿನ ವಾಸನೆ ಇನ್ನೂ ಉಳಿದಿತ್ತು. ಬೆಲ್ಟ್ ಬದಲಿಸುವುದು ದೊಡ್ಡ ಕೆಲಸವಲ್ಲ. ಪುಲ್ಲಿಗಳ ಮುಖವೂ ಸವೆದಿದ್ದರೆ ಖರ್ಚು ಏರುತ್ತದೆ, ಆದರೂ ಅದು ಬೆಲೆಯಲ್ಲಿ ಹೊಂದಿಸಿಕೊಳ್ಳಬಹುದಾದ ವಿಷಯ. ನಾವು ಬೇಡವೆಂದದ್ದು ಅದಕ್ಕಲ್ಲ. ಹತ್ತಿರದ ಇಳಿಜಾರಿನಲ್ಲಿ ಲೋ ರೇಂಜಿಗೆ ಹಾಕಿ, ನಾನೇ ಕೂತು, ಬ್ರೇಕಿನ ಮೇಲೆ ಬೆರಳಿಟ್ಟುಕೊಂಡೇ ಆಕ್ಸಿಲರೇಟರ್ ಬಿಟ್ಟೆ. ಸ್ವಲ್ಪ ದೂರ ಗಾಡಿ ತಡೆದು ನಡೆಯಿತು, ಎಂಜಿನ್ ಸದ್ದು ತಗ್ಗಿತು, ಆಮೇಲೆ ಹಿಡಿತ ಪೂರ್ತಿ ಕಳಚಿ ಗಾಡಿ ಹಗುರಾಗಿ ಮುಂದಕ್ಕೆ ನುಗ್ಗಿತು. ಖಾಲಿ ಗಾಡಿಯೇ ಹೀಗೆ ಹೋದರೆ 280 ಕಿಲೋ ಹಿಂದಿದ್ದಾಗ ಬರೀ ಬ್ರೇಕನ್ನೇ ನಂಬಬೇಕಾಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬಿಡದೆ ಹಿಡಿದ ಬ್ರೇಕ್ ಕಾಯುತ್ತದೆ, ಕಾದ ಬ್ರೇಕ್ ಹಿಡಿಯುವುದಿಲ್ಲ.

ಮೂರನೆಯದನ್ನು ನೋಡಲು ಗೆಳೆಯ ಅರೆಮನಸ್ಸಿನಿಂದ ಬಂದ. 400 ಸಿಸಿ ವರ್ಗದ, ಕಾಲಿನಿಂದ ಗೇರ್ ಹಾಕುವ, ಹಿಂದೆ ಒಂದೇ ಗಟ್ಟಿ ಆಕ್ಸೆಲ್ ಇರುವ ಗಾಡಿ. ಬಿಸಿಲಿಗೆ ಬಣ್ಣ ಮಾಸಿತ್ತು, ಹಿಂದಿನ ರ‍್ಯಾಕಿನ ಕಂಬಿಯ ಪೇಂಟ್ ಹಗ್ಗ ಉಜ್ಜಿ ಉಜ್ಜಿ ಹೋಗಿತ್ತು. 7,040 ಕಿಲೋಮೀಟರ್, 640 ಗಂಟೆ. ಗಂಟೆಗೆ 11 ಕಿಲೋಮೀಟರಿನ ಬದುಕು. ಪವರ್ ಸ್ಟಿಯರಿಂಗ್ ಇರಲಿಲ್ಲ.

ಮೂರನೆಯ ಗಾಡಿಯ ಪರೀಕ್ಷೆ

ನಾವು ಬರುವ ಮುನ್ನ ಸ್ಟಾರ್ಟ್ ಮಾಡಬೇಡಿ ಎಂದು ಮಾಲೀಕರಲ್ಲಿ ಮೊದಲೇ ವಿನಂತಿಸಿದ್ದೆ. ತಣ್ಣಗಿರುವ ಎಂಜಿನ್ ತನ್ನ ಕೊರತೆಯನ್ನು ಮುಚ್ಚಿಡಲಾರದು. ಹೋದೊಡನೆ ಸೈಲೆನ್ಸರಿನ ಕೊಳವೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಫ್ರೇಮಿನ ಮೇಲೆ ಕೊರೆದಿರುವ ಸಂಖ್ಯೆ ಕಾಗದಪತ್ರದ ಸಂಖ್ಯೆಯೊಂದಿಗೆ ತಾಳೆಯಾಯಿತು. ಇದು ತಾಳೆಯಾಗದಿದ್ದರೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ.

ಮೊದಲು ಸೀಟು ತೆಗೆದು ಗಾಳಿಪೆಟ್ಟಿಗೆಯ ಕ್ಲಿಪ್ಪುಗಳನ್ನು ಬಿಡಿಸಿದೆ. ಎಂಜಿನ್ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಇಲ್ಲಿ ಓದಬಹುದು. ಫಿಲ್ಟರಿನ ಹೊರಮೈ ಕೊಳೆಯಾಗಿದ್ದರೆ ತೊಂದರೆಯಿಲ್ಲ, ಕೊಳೆ ಹಿಡಿಯುವುದೇ ಅದರ ಕೆಲಸ. ನೋಡಬೇಕಾದದ್ದು ಫಿಲ್ಟರ್ ದಾಟಿದ ನಂತರದ ಕೊಳವೆಯ ಒಳಮೈ. ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಅದರೊಳಗೆ ಒಂದು ಸುತ್ತು ಒರೆಸಿದೆ. ಬಟ್ಟೆಗೆ ಎಣ್ಣೆಯ ತೆಳುವಾದ ಕಂದು ಬಣ್ಣವಷ್ಟೇ ಅಂಟಿತು, ಮರಳಿನ ಕಣ ಒಂದೂ ಇರಲಿಲ್ಲ. ಅಲ್ಲಿ ಧೂಳು ಸಿಕ್ಕಿದ್ದರೆ ಸಿಲಿಂಡರ್, ಪಿಸ್ಟನ್ ರಿಂಗುಗಳು ಉಜ್ಜಿಹೋಗಿವೆ ಎಂದೇ ತಿಳಿಯಬೇಕಿತ್ತು. 640 ಗಂಟೆ ದುಡಿದ ಗಾಡಿಯ ಫಿಲ್ಟರನ್ನು ಯಾರೋ ಶ್ರದ್ಧೆಯಿಂದ ತೊಳೆದು, ಎಣ್ಣೆ ಹಚ್ಚಿ, ಅಂಚಿಗೆ ಗ್ರೀಸ್ ಬಳಿದು ಕೂರಿಸುತ್ತ ಬಂದಿದ್ದಾರೆ ಎಂದು ಆ ಬಟ್ಟೆ ಹೇಳಿತು. ಮೂರು ಗಾಡಿಗಳ ಪರೀಕ್ಷೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದೇ.

ಸ್ಟಾರ್ಟ್ ಮಾಡಿದಾಗ ವಾಲ್ವಿನ ಕಡೆಯಿಂದ ಟಿಕ್ ಟಿಕ್ ಸದ್ದು ಬಂತು, ಹೊಗೆ ಬರಲಿಲ್ಲ. ನೀಲಿ ಹೊಗೆ ಎಂಜಿನ್ ಎಣ್ಣೆ ಉರಿಯುತ್ತಿರುವುದರ ಗುರುತು. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಡದೆ ಬರುವ ಬಿಳಿ ಹೊಗೆ ಕೂಲೆಂಟ್ ಒಳಸೋರುತ್ತಿರುವುದರ ಗುರುತು. ವಾಲ್ವಿನ ಸದ್ದು ಸಂದು ಸರಿಪಡಿಸಿದರೆ ಹೋಗುವಂಥದ್ದು. ಬ್ಯಾಟರಿಯ ತುದಿಗಳಲ್ಲಿ ಮೀಟರ್ ಹಿಡಿದಾಗ ಎಂಜಿನ್ ಓಡುತ್ತಿರುವಂತೆ 14 ವೋಲ್ಟಿನ ಆಸುಪಾಸು ಬಂತು, ಚಾರ್ಜಿಂಗ್ ಸರಿಯಿದೆ.

ಬಳಿಕ ಮುಂಭಾಗವನ್ನು ಜ್ಯಾಕಿನಿಂದ ಎತ್ತಿ ಚಕ್ರಗಳನ್ನು ಅಲುಗಿಸಿದೆವು. ಚಕ್ರದ ಮೇಲ್ತುದಿಯನ್ನೂ ಕೆಳತುದಿಯನ್ನೂ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಅದು ಚಕ್ರವನ್ನು ತೋಳಿಗೆ ಸೇರಿಸುವ ಕೀಲಾದ ಬಾಲ್ ಜಾಯಿಂಟಿನದೋ ಬೇರಿಂಗಿನದೋ ಆಗಿರುತ್ತದೆ; ಎಡಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಕಂಡರೆ ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡಿನ ತುದಿಯದು. ಗೆಳೆಯನಿಗೆ ಚಕ್ರ ಅಲುಗಿಸಲು ಹೇಳಿ, ನಾನು ಒಳಗೆ ಕೈಹಾಕಿ ಒಂದೊಂದು ಕೀಲಿನ ಮೇಲೂ ಬೆರಳಿಟ್ಟೆ. ಎಡಗಡೆಯ ಕೆಳಗಿನ ಬಾಲ್ ಜಾಯಿಂಟ್ ಬೆರಳ ಕೆಳಗೆ ಕಟಕ್ ಎಂದಿತು. ಎಡಗಡೆ ಟೈ ರಾಡಿನ ಹೊರತುದಿಯೂ ಸಡಿಲ. ಅದೇ ಬದಿಯ ಆಕ್ಸೆಲ್ಲಿನ ಕೀಲನ್ನು ಮುಚ್ಚುವ ರಬ್ಬರ್ ಬೂಟ್ ಸೀಳಿತ್ತು, ಆದರೆ ಗ್ರೀಸ್ ಇನ್ನೂ ಸ್ವಚ್ಛವಾಗಿತ್ತು, ತಿರುಗಿಸಿದಾಗ ಕಟಕಟ ಸದ್ದಿರಲಿಲ್ಲ. ಕೂಡಲೇ ಬೂಟ್ ಬದಲಿಸಿದರೆ ಕೀಲು ಉಳಿಯುತ್ತದೆ. ಎರಡೂ ಡಿಫರೆನ್ಷಿಯಲ್ಲುಗಳ ಎಣ್ಣೆ ಕಪ್ಪಾಗಿತ್ತು, ನೀರಿನ ಸುಳಿವಿರಲಿಲ್ಲ. ಹಿಂದಿನ ಡ್ರಮ್ ಬ್ರೇಕಿನ ಸವೆತ ತೋರಿಸುವ ಮುಳ್ಳು ಕೊನೆಯ ಗೆರೆಗೆ ಬಂದು ನಿಂತಿತ್ತು. ಕೊಕ್ಕೆ ಕೂರುವ ತಗಡನ್ನು ಟಾರ್ಚ್ ಹಿಡಿದು ನೋಡಿದೆವು, ಬಾಗಿರಲಿಲ್ಲ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಮಿತಿ ಮೀರಿ ಎಳೆದ ಗಾಡಿಯಲ್ಲಿ ಮೊದಲು ಸೋಲುವ ಜಾಗಗಳಲ್ಲಿ ಇದೂ ಒಂದು.

ನಾಲ್ಕು ಚಕ್ರ ಚಾಲನೆ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂಬುದನ್ನು ಸಡಿಲ ಜಲ್ಲಿಯ ಮೇಲೆ ನೋಡಬೇಕು. ಗಟ್ಟಿ ರಸ್ತೆಯ ಮೇಲೆ ನೋಡಿದರೆ ಒಳಗಿನ ಹಲ್ಲುಗಳಿಗೂ ಆಕ್ಸೆಲ್ಲಿಗೂ ಒತ್ತಡ ಬೀಳುತ್ತದೆ. ಲಿವರ್ ಹಾಕಿದೊಡನೆ ಹ್ಯಾಂಡಲ್ ಭಾರವಾಯಿತು, ಜಲ್ಲಿಯ ಗುಡ್ಡೆ ಏರಿಸಿದಾಗ ಮುಂಚಕ್ರಗಳೂ ಕಲ್ಲು ಕೆದರಿದವು.

ಕೊನೆಗೆ ಇಳಿಜಾರು. ಮೊದಲ ಗೇರ್, ನಾಲ್ಕು ಚಕ್ರ ಚಾಲನೆ, ಆಕ್ಸಿಲರೇಟರ್ ಪೂರ್ತಿ ಬಿಟ್ಟು. ಗಾಡಿ ಎಂಜಿನಿನ ಗುರುಗುಟ್ಟುವಿಕೆಯೊಂದಿಗೆ ನಡೆದು ಹೋಗುವ ಮನುಷ್ಯನ ವೇಗದಲ್ಲಿ ಇಳಿಯಿತು, ಬ್ರೇಕಿಗೆ ಕೈಹಾಕುವ ಪ್ರಮೇಯವೇ ಬರಲಿಲ್ಲ. ಗೆಳೆಯನನ್ನೂ ಕೂರಿಸಿ ಇಳಿಸಿದೆ. ಅವನ ಮುಖದ ಅರೆಮನಸ್ಸು ಅಲ್ಲಿಗೆ ಹೋಯಿತು. ಮಾಲೀಕರ ಒಪ್ಪಿಗೆಯ ಮೇಲೆ ನಾವು ಒಯ್ದಿದ್ದ ಟ್ರೇಲರನ್ನು ಕಟ್ಟಿ, ಮೊದಲು ಖಾಲಿಯಾಗಿ, ಆಮೇಲೆ ಅರ್ಧ ಭಾರ ತುಂಬಿ ಇಳಿಸಿ ನೋಡಿದೆವು. ಅರ್ಧ ಭಾರದಲ್ಲಿ ಟ್ರೇಲರ್ ನೂಕುವುದು ಸೀಟಿನ ಕೆಳಗೆ ಗೊತ್ತಾಗುತ್ತಿತ್ತು, ವೇಗ ಮಾತ್ರ ಏರಲಿಲ್ಲ.

ಗಟ್ಟಿ ಆಕ್ಸೆಲ್ಲಿನ ಇನ್ನೊಂದು ಗುಣವೂ ಇಲ್ಲಿ ಕಂಡಿತು. ಬೇರೆಬೇರೆಯಾಗಿ ಏರಿಳಿಯುವ ಹಿಂಚಕ್ರಗಳಿರುವ ಗಾಡಿಯ ಹಿಂಭಾಗ ಟ್ರೇಲರಿನ ಮೂತಿಯ ಭಾರಕ್ಕೆ ಕುಸಿದು ಕೂರುತ್ತದೆ, ತಳದ ಎತ್ತರ ಕಡಿಮೆಯಾಗುತ್ತದೆ. ಗಟ್ಟಿ ಆಕ್ಸೆಲ್ಲಿನ ಕೆಳಗಿನ ಎತ್ತರ ಭಾರ ಹಾಕಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರ ಬೆಲೆಯನ್ನು ಕಲ್ಲಿನ ದಾರಿಯಲ್ಲಿ ಸವಾರನ ಸೊಂಟ ಕಟ್ಟಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ, ಅದನ್ನು ಗೆಳೆಯನಿಗೆ ಮರೆಮಾಚದೆ ಹೇಳಿದೆ.

ವ್ಯವಹಾರವೂ ಆಮೇಲಿನ ದಿನಗಳೂ

ಕಂಡ ಕೊರತೆಗಳನ್ನು ಒಂದು ಹಾಳೆಯಲ್ಲಿ ಬರೆದು, ಬಿಡಿಭಾಗಗಳ ಬೆಲೆಯನ್ನು ಅಲ್ಲಿಯೇ ವಿಚಾರಿಸಿ, ಮಾಲೀಕರ ಮುಂದಿಟ್ಟೆವು. ರಿಪೇರಿಯ ಒಟ್ಟು ಖರ್ಚು ಅವರು ಕೇಳಿದ ಬೆಲೆಯ ಐದರಲ್ಲಿ ಒಂದು ಪಾಲಿನಷ್ಟಾಗುತ್ತಿತ್ತು. ಗಾಡಿಯನ್ನು ತೆಗಳುವ ಮಾತು ಒಂದೂ ಬರಬಾರದೆಂದು ಗೆಳೆಯನಿಗೆ ಮೊದಲೇ ಹೇಳಿದ್ದೆ. ಫಿಲ್ಟರನ್ನು ಅಷ್ಟು ಚೆನ್ನಾಗಿ ನೋಡಿಕೊಂಡವರಿಗೆ ಅದರ ಮರ್ಯಾದೆ ಸಲ್ಲಬೇಕು. “ನೀವು ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದೀರಿ, ಈ ಕೆಲಸಗಳನ್ನು ಮಾತ್ರ ನಾವು ಮಾಡಿಸಬೇಕು” ಎಂದಷ್ಟೇ ಅವನು ಹೇಳಿದ. ರಿಪೇರಿ ಖರ್ಚಿನ ಅರ್ಧದಷ್ಟನ್ನು ಅವರು ಬೆಲೆಯಲ್ಲಿ ಬಿಟ್ಟರು. ಹಳೆಯ ಕೈಪಿಡಿಯನ್ನೂ ಎರಡು ಫಿಲ್ಟರುಗಳನ್ನೂ ಜೊತೆಗೆ ಕೊಟ್ಟರು.

ಬಾಲ್ ಜಾಯಿಂಟ್, ಟೈ ರಾಡ್ ತುದಿ, ಆಕ್ಸೆಲ್ ಬೂಟ್, ಹಿಂದಿನ ಬ್ರೇಕ್ ಶೂ, ಮುಂದಿನ ಬ್ರೇಕ್ ಪ್ಯಾಡ್ ಬದಲಾದವು. ಎಂಜಿನ್ ಮತ್ತು ಎರಡೂ ಡಿಫರೆನ್ಷಿಯಲ್ಲುಗಳ ಎಣ್ಣೆ, ಬ್ರೇಕ್ ಆಯಿಲ್, ಕೂಲೆಂಟ್ ಎಲ್ಲವನ್ನೂ ಹೊಸದಾಗಿ ತುಂಬಿದೆವು. ವಾಲ್ವಿನ ಸಂದು ಸರಿಪಡಿಸಿದ ಮೇಲೆ ಆ ಟಿಕ್ ಟಿಕ್ ಸದ್ದು ನಿಂತಿತು. ಟೈರಿನ ಗಾಳಿಯ ವಿಷಯ ಚಿಕ್ಕದೆನಿಸಿದರೂ ಗಾಡಿಯ ನಡತೆಯನ್ನೇ ಬದಲಿಸುತ್ತದೆ. ಈ ಗಾಡಿಗೆ ಬೇಕಾದದ್ದು 3.6 ಪಿಎಸ್‌ಐ, ಅಂದರೆ ಕಾರಿನ ಟೈರಿಗೆ ತುಂಬುವುದರ ಹತ್ತನೆಯ ಒಂದು ಪಾಲಿಗೆ ಹತ್ತಿರ. ಕಾರಿನ ಗೇಜಿನಲ್ಲಿ ಇಷ್ಟು ಕಡಿಮೆ ಒತ್ತಡ ಸರಿಯಾಗಿ ಕಾಣುವುದಿಲ್ಲ, ಕಡಿಮೆ ಒತ್ತಡದ ಗೇಜನ್ನೇ ಕೊಳ್ಳಬೇಕು. ಗಾಳಿ ಹೆಚ್ಚಾದ ಟೈರು ಕಲ್ಲಿನ ಮೇಲೆ ಪುಟಿಯುತ್ತದೆ, ಪುಟಿಯುವ ಟೈರು ಇಳಿಜಾರಿನಲ್ಲಿ ನೆಲ ಹಿಡಿಯುವುದಿಲ್ಲ.

ಗೆಳೆಯ ತರಬೇತಿ ಪಡೆದ ಮೇಲೆಯೇ ಟ್ರೇಲರ್ ಕಟ್ಟುವುದೆಂದು ಒಪ್ಪಿಕೊಂಡಿದ್ದ, ಹಾಗೆಯೇ ನಡೆದುಕೊಂಡ. ಬೈಕಿನ ಅನುಭವ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ: ಬೈಕ್ ತಿರುವಿನಲ್ಲಿ ತಾನೇ ವಾಲುತ್ತದೆ, ಎಟಿವಿ ವಾಲುವುದಿಲ್ಲ, ಸವಾರನೇ ಸೀಟಿನ ಮೇಲೆ ಒಳಬದಿಗೆ ಸರಿದು ಭಾರ ಹಾಕಬೇಕು. ಸೀಟು ಉದ್ದವಾಗಿದ್ದರೂ ಅದು ಹೀಗೆ ಹಿಂದೆಮುಂದೆ ಸರಿಯುವುದಕ್ಕೇ ಹೊರತು ಇನ್ನೊಬ್ಬರನ್ನು ಕೂರಿಸುವುದಕ್ಕಲ್ಲ. ಇಷ್ಟು ದೊಡ್ಡ ಗಾಡಿ 16 ವರ್ಷದೊಳಗಿನವರಿಗಲ್ಲ ಎಂದು ಗಾಡಿಯ ಮೇಲೆಯೇ ಬರೆದಿರುತ್ತದೆ. ಮರದ ದಿಮ್ಮಿಯನ್ನು ಎಳೆಯಬೇಕಾದಾಗಲೂ ಸರಪಳಿಯನ್ನು ಕೆಳಗಿನ ಕೊಕ್ಕೆಗೇ ಕಟ್ಟಬೇಕು, ರ‍್ಯಾಕಿಗೆ ಕಟ್ಟಿದರೆ ದಿಮ್ಮಿ ಎಲ್ಲಾದರೂ ಸಿಕ್ಕಿಕೊಂಡ ಕ್ಷಣದಲ್ಲಿ ಗಾಡಿಯ ಮುಂಭಾಗ ಮೇಲೆದ್ದು ಸವಾರನ ಮೇಲೆ ಮಗುಚಬಹುದು.

ಒಂದು ಋತುವಿನ ಬಳಕೆಯ ನಂತರದ ಸ್ಥಿತಿ ಹೀಗಿದೆ. ಒಣನೆಲದಲ್ಲಿ 200 ಕಿಲೋ ಸೌದೆ ಯಾವ ತಕರಾರೂ ಇಲ್ಲದೆ ಇಳಿಯುತ್ತದೆ. ಮಳೆ ಬಿದ್ದ ದಿನ ಆ ತಿರುವಿನ ಜೇಡಿಮಣ್ಣಿನಲ್ಲಿ ಹಿಂಚಕ್ರಗಳು ಒಮ್ಮೆ ಪಕ್ಕಕ್ಕೆ ಸರಿದದ್ದನ್ನು ಕಂಡು ಅಂಥ ದಿನಗಳಿಗೆ ಭಾರವನ್ನು 120 ಕಿಲೋಗೆ ಇಳಿಸಿದೆವು. ಇಳಿಜಾರಿನ ಮಧ್ಯದಲ್ಲಿ ಗೇರ್ ಬದಲಿಸಕೂಡದು, ಮೇಲೆಯೇ ಮೊದಲ ಗೇರಿಗೆ ಹಾಕಿಕೊಂಡು ಹೊರಡಬೇಕು ಎಂಬುದನ್ನು ಅವನು ಅಭ್ಯಾಸ ಮಾಡಿಕೊಂಡಿದ್ದಾನೆ. ಕಾಡುದಾರಿಯ ಸವಾರಿಯಲ್ಲಿ ಮಾತ್ರ ಅವನಿಗೆ ಪೂರ್ತಿ ತೃಪ್ತಿಯಿಲ್ಲ. ಅರ್ಧ ದಿನ ಓಡಿಸಿದರೆ ಪವರ್ ಸ್ಟಿಯರಿಂಗ್ ಇಲ್ಲದ ಹ್ಯಾಂಡಲ್ ಭುಜಗಳನ್ನು ನೋಯಿಸುತ್ತದೆ, ಕಲ್ಲು ತುಂಬಿದ ಜಾಗಗಳಲ್ಲಿ ಹಿಂದಿನ ಆಕ್ಸೆಲ್ ಎತ್ತಿ ಹಾಕುತ್ತದೆ. ಸವಾರಿಯೇ ಮುಖ್ಯವಾಗಿದ್ದು ಸೌದೆಯ ಕೆಲಸ ಅಪರೂಪವಾಗಿದ್ದರೆ, ಎಂಜಿನ್ ಬ್ರೇಕ್ ಚೆನ್ನಾಗಿರುವ ಬೆಲ್ಟ್ ಗಾಡಿಯನ್ನೇ, ಇನ್ನಷ್ಟು ಕಾಲ ಕಾದಾದರೂ, ಹುಡುಕಿರಿ ಎಂದು ಹೇಳುತ್ತಿದ್ದೆ.

ಮುಂದಿನ ಕೆಲಸವಾಗಿ ಹಿಂದಿನ ಟೈರುಗಳನ್ನು ಬದಲಿಸಬೇಕಿದೆ. ಅಗಲವಾದ ದೊಡ್ಡ ಟೈರು ಹಾಕಿಸಬೇಕೆಂಬ ಆಸೆ ಅವನಿಗಿತ್ತು. ದೊಡ್ಡ ಟೈರು ಹಾಕಿದರೆ ಮೊದಲ ಗೇರಿನ ತಗ್ಗು ವೇಗ ಏರುತ್ತದೆ, ಅಷ್ಟರಮಟ್ಟಿಗೆ ಎಂಜಿನ್ ಬ್ರೇಕ್ ದುರ್ಬಲವಾಗುತ್ತದೆ ಎಂದು ತಿಳಿಸಿದ ಮೇಲೆ, ಕಂಪನಿ ಹೇಳಿದ ಅಳತೆಯದನ್ನೇ ತರಿಸಲು ಹೇಳಿದ್ದಾನೆ.